ಕೂಸು ನೆಟ್ಟಗೆ ಕೂರುವ ಗಾಡಿ

ಬನಹಟ್ಟಿ
೧೨ ಜೂನ್ ೨೦೨೪

ತಮ್ಮ ಗುರುಸಿದ್ದನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಇರುವಾಗ ಅಕ್ಕನಿಗೆ ಇದೇನು ಹುಚ್ಚು ಎಂದು ನಗುತ್ತೀ, ನಗು. ನಮ್ಮ ಮನೆ ನಿನಗೆ ಗೊತ್ತಲ್ಲ! ಹಗಲೆಲ್ಲ ಪಾವರ್‌ಲೂಮ್ ಸದ್ದು. ಫೋನಿನಲ್ಲಿ ಒದರಿಯೇ ಮಾತಾಡಬೇಕು, ಒದರಿದರೆ ಓಣಿಗೆಲ್ಲ ಕೇಳುತ್ತದೆ. ಕರೆಂಟ್ ಹೋಗಿ ಮಗ್ಗ ನಿಂತಿತೋ, ಮನೆಮಂದಿ ಸುಮ್ಮನೆ ಕೂತು ನನ್ನ ಮಾತನ್ನೇ ಕೇಳುತ್ತಾರೆ. ಇರುವ ಒಂದು ಫೋನು ನಮ್ಮ ಮನೆಯವರ, ಅಂದರೆ ನಿಮ್ಮ ಮಾಮಾನ ಕಿಸೆಯಲ್ಲಿ. ಕಾಗದವಾದರೆ ಚಿಂತೆಯಿಲ್ಲ. ನಮ್ಮತ್ತೆಗೆ ಓದಲು ಬರುವುದಿಲ್ಲ, ನಿಮ್ಮ ಮಾಮಾನಿಗೆ ಓದುವ ತಾಳ್ಮೆಯಿಲ್ಲ.

ಸೌಂದರ್ಯಾಳಿಗೆ ಒಂದು ಗಾಡಿ ಬೇಕು. ಕೂಸನ್ನು ಕೂರಿಸಿ ತಳ್ಳುತ್ತಾರಲ್ಲ, ಅದು. ನನಗೆ ಐದು ತಿಂಗಳು ತುಂಬಿತು, ಎತ್ತಿಕೊಂಡು ತಿರುಗುವುದು ಆಗುತ್ತಿಲ್ಲ. ರಬಕವಿಯಲ್ಲೂ ಜಮಖಂಡಿಯಲ್ಲೂ ನೋಡಿ ಬಂದೆ, ಎಲ್ಲ ಆಟದ ಸಾಮಾನಿನಂಥವು. ನಿಮ್ಮ ಸಿಕಂದರಾಬಾದಿನಲ್ಲಿ ಛಲೋ ಸಿಗಬಹುದು. ಇದನ್ನು ನಿನಗೇ ಕೇಳುವುದಕ್ಕೆ ಕಾರಣವಿದೆ. ನಾನು ಕೊಂಡು ತಂದರೆ ಅತ್ತೆ, "ಕೂಸಿಗೆ ಕಾಲಿಲ್ಲೇನು, ಗಾಡಿ ಯಾಕ?" ಎನ್ನುತ್ತಾರೆ. ಸೋದರಮಾವ ಕಳಿಸಿದ್ದಕ್ಕೆ ಯಾರೂ ಎದುರಾಡುವುದಿಲ್ಲ, ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳುತ್ತಾರೆ.

ಕೂಸು ಆರಾಮಾಗಿರಬೇಕು, ಅಷ್ಟೇ. ಉಳಿದದ್ದು ನಿನಗೆ ಬಿಟ್ಟದ್ದು. ಸ್ವಲ್ಪ ಲಗೂನೆ ಕಳಿಸು.

ನಿನ್ನ ಅಕ್ಕ
ರಾಜೇಶ್ವರಿ


ಸಿಕಂದರಾಬಾದ್
೨೩ ಜೂನ್ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ನಮ್ಮ ರೈಲ್ವೆ ಕ್ವಾರ್ಟರ್ಸಿನ ಮಂದಿಯೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಯಾರೋ ಹುಡುಗಿ ಬರೆದಿದ್ದಾಳೆಂದು ಒಬ್ಬನಂತೂ ಮೂಸಿಯೂ ನೋಡಿದ. ಗಂಜಿ ಹಾಕಿದ ನೂಲಿನ ವಾಸನೆ ಬಂತಂತೆ!

ಗಾಡಿ ಆರಿಸುವುದು ಹುಡುಗಿ ನೋಡುವುದಕ್ಕಿಂತ ಕಷ್ಟ ಬೇ. ರಜೆಯ ದಿನ ಪೂರ್ತಿ ಅಂಗಡಿ ತಿರುಗಿದೆ. ಒಂದಕ್ಕೆ ಮೂರೇ ಗಾಲಿ, ಓಡುವವರಿಗಂತೆ. ಕೂಸನ್ನು ತಳ್ಳಿಕೊಂಡು ಓಡುತ್ತಾರಂತೆ! ಬನಹಟ್ಟಿ ಓಣಿಯಲ್ಲಿ ನೀನು ಹಾಗೆ ಓಡಿದರೆ ನಾಯಿಗಳು ಬೆನ್ನು ಹತ್ತುತ್ತವೆ. ಇನ್ನೊಂದು ಛತ್ರಿಯಂತೆ ಮಡಚುತ್ತದೆ, ಆದರೆ ಕೂರುವ ಬಟ್ಟೆ ಜೋಳಿಗೆಯಾಗಿ ಜೋತು ಬೀಳುತ್ತದೆ, ಬೇಡ ಎಂದೆ. ಕೊನೆಗೆ ಒಂದು ಸಿಕ್ಕಿತು ನೋಡು. ಹಿಂದಿನ ಗುಂಡಿ ಒತ್ತಿದರೆ ಬೆನ್ನು ಪೂರಾ ಕೆಳಗೆ ಇಳಿದು ಮೆತ್ತನೆ ಹಾಸಿಗೆಯಾಗುತ್ತದೆ, ಮೇಲೆ ಬಿಸಿಲಿಗೆ ಕೊಡೆ. ಕೂಸು ಅಂಗಾತ ಮಲಗಿ ಊರು ನೋಡಬಹುದು. ಆರಾಮ ಬೇಕು ಎಂದಿಯಲ್ಲ, ಇಷ್ಟು ಆರಾಮ ರೈಲಿನ ಮೊದಲ ದರ್ಜೆಯಲ್ಲೂ ಇಲ್ಲ. ಡಬ್ಬಿ ದುರಸ್ತಿ ಮಾಡುವವನು ನಾನೇ ಹೇಳುತ್ತೇನೆ. ಪಾರ್ಸೆಲ್ ಹಾಕಿದ್ದೇನೆ.

ಒಂದು ಮಾತು. ಎರಡೂವರೆ ವರ್ಷದ ಹುಡುಗಿ ಓಣಿ ತುಂಬ ಓಡಾಡುವ ವಯಸ್ಸು. ಅವಳನ್ನು ಗಾಡಿಯಲ್ಲಿ ಕೂರಿಸಿ ಮೈಗಳ್ಳಿ ಮಾಡಾಕತ್ತೀಯೇನು? ಎಂಟು ತಿಂಗಳ ಕೂಸಿದ್ದಾಗ ನೋಡಿದ್ದೇ ಕಡೆ, ಫೋಟೋದಲ್ಲಿ ಯಾವಾಗಲೂ ನಿನ್ನ ತೋಳಿನಲ್ಲೇ ಇರುತ್ತಾಳೆ.

ನನ್ನ ಸುದ್ದಿ ಅವ್ವ ಹೇಳಿರಬೇಕು. ಬೀಳಗಿಯ ಗಿರಿಮಲ್ಲಪ್ಪನವರ ಮಗಳು. ನನಗೆ ಮನಸ್ಸಿಗೆ ಬಂದಿದ್ದಾಳೆ. ನೀನು ನಗಬೇಡ.

ಗುರುಸಿದ್ದ


ಬನಹಟ್ಟಿ
೬ ಜುಲೈ ೨೦೨೪

ತಮ್ಮಾ,

ಗಾಡಿ ಬಂತು. ಭಾಳ ಚಂದ ಇದೆ. ಅತ್ತೆಗಂತೂ ಹಿಗ್ಗೋ ಹಿಗ್ಗು. ಓಣಿಯ ಹೆಂಗಸರನ್ನೆಲ್ಲ ಕರೆದು, "ನೋಡ್ರೆವಾ, ಸೋದರಮಾವಂದ್ರ ಹಿಂಗಿರಬೇಕು" ಎಂದು ತೋರಿಸಿದರು. ಮೊದಲು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಉಣಿಸುತ್ತಿದ್ದರು, ಈಗ ಮಂಡಿ ನೋಯುತ್ತವೆಂದು ಗಾಡಿಯಲ್ಲೇ ಮಲಗಿಸಿ ಉಣಿಸುತ್ತಾರೆ. ಉಣ್ಣುವಾಗ ಅವಳಿಗೆ ನೆತ್ತಿಗೆ ಹತ್ತಿದರೆ ನೆತ್ತಿ ತಟ್ಟಿ, "ಮಾಮಾ ನೆನಸಾಕತ್ತಾನ ನಿನ್ನ" ಎನ್ನುತ್ತಾರೆ.

ಗುರುಸಿದ್ದ, ಸಿಟ್ಟಾಗಬೇಡ. ಈ ಗಾಡಿಯನ್ನು ಅಂಗಡಿಯವರು ಬದಲಿ ಕೊಡುತ್ತಾರೇನು ಕೇಳುತ್ತೀಯಾ? ಮಲಗಿಸುವಂಥದ್ದು ಬೇಡ. ಬೆನ್ನು ನೆಟ್ಟಗೆ ನಿಲ್ಲುವಂಥದ್ದು, ಎದೆಗೆ ಪಟ್ಟಿ ಇರುವಂಥದ್ದು, ತಲೆಯ ಎರಡೂ ಬದಿಗೆ ಆಸರೆ ಇರುವಂಥದ್ದು ಸಿಗುತ್ತದೇನು ನೋಡು. ಯಾಕೆಂದು ಕೇಳಬೇಡ. ಹೆಂಗಸರಿಗೆ ಬಸುರಿನಲ್ಲಿ ನೂರೆಂಟು ಹುಚ್ಚು ಎಂದು ತಿಳಿ.

ಬೀಳಗಿಯ ಸುದ್ದಿ ಕೇಳಿ ಖುಷಿಯಾಯಿತು, ಖರೇನ. ನಿನ್ನದು ಛಲೋ ಆಗಲಿ.

ರಾಜೇಶ್ವರಿ


ಸಿಕಂದರಾಬಾದ್
೧೫ ಜುಲೈ ೨೦೨೪

ಅಕ್ಕಾ,

ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳಲು ಹೋಗಿ ನಾನೇ ಸಣ್ಣವನಾದೆ. "ಅದರಲ್ಲೇನು ಊನ?" ಎಂದರೆ ಏನು ಹೇಳಲಿ? ಅಕ್ಕನಿಗೆ ಹುಚ್ಚು ಎನ್ನಲೇ?

ಬೇಜಾರಾಯಿತು ಅಕ್ಕಾ, ಮುಚ್ಚಿಡುವುದಿಲ್ಲ. ಮೊದಲ ಸಲ ಸೊಸೆಗೆ ಏನೋ ಕಳಿಸಿದೆ. ಅದಕ್ಕೂ ಕೊಂಕು. ತಲೆಗೆ ಆಸರೆ, ಎದೆಗೆ ಪಟ್ಟಿ ಅಂದರೆ ಕೂಸಿಗೇನು ವಿಮಾನ ಓಡಿಸಲು ಕಲಿಸುತ್ತೀಯಾ? ಅವ್ವ ಹೇಳಿದ್ದು ಸುಳ್ಳಲ್ಲ. "ರಾಜವ್ವ ಈಗ ಮೊದಲಿನ್ಹಾಂಗಿಲ್ಲೋ, ಎಲ್ಲಾದಕ್ಕೂ ಸಿಡಿಮಿಡಿ ಮಾಡ್ತಾಳ" ಎನ್ನುತ್ತಿದ್ದಳು.

ಇರಲಿ. ಶ್ರಾವಣದಲ್ಲಿ ನಿಶ್ಚಯ, ಬೀಳಗಿಯಲ್ಲೇ. ಸೌಂದರ್ಯಾಳಿಗೆ ಹಸಿರು ಪರಕಾರ ಹೊಲಿಸು. ಹುಡುಗಿಗೆ ಆರತಿ ಮಾಡುವಾಗ ಅವಳು ಪಕ್ಕದಲ್ಲಿ ನಿಲ್ಲಬೇಕು. ನೀನು ಬರುವುದಿಲ್ಲವೆಂದು ಅವ್ವ ಯಾಕೆ ಹೇಳುತ್ತಾಳೆ? ಮುಧೋಳದ ನಮ್ಮ ಮನೆಯಿಂದ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬಹುದಲ್ಲ. ಬಸುರಿಯೆಂದರೆ ಮಂಚ ಹಿಡಿಯಬೇಕೇನು? ಬರದಿದ್ದರೆ ನಾನು ಮಾತಾಡಿಸುವುದಿಲ್ಲ ನೋಡು.

ಗುರುಸಿದ್ದ


ಜಮಖಂಡಿ, ದವಾಖಾನೆ
೨ ಆಗಸ್ಟ್ ೨೦೨೪

ಗುರುಸಿದ್ದ,

ಸೌಂದರ್ಯಾ ಇಲ್ಲಿ ಮಲಗಿದ್ದಾಳೆ. ಮೂಗಿಗೆ ಆಕ್ಸಿಜನ್ ನಳಿಗೆ. ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಮಾಮಾನ ಫೋನು ಇಲ್ಲೇ ಇದೆ, ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಮತ್ತೆ "ಛಲೋ ಅದೀವೋ" ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸೊಸೆ ನಡೆಯುವುದಿಲ್ಲ. ನಿಲ್ಲುವುದಿಲ್ಲ. ಕೂರುವುದಿಲ್ಲ. ಕತ್ತು ನಿಂತಿಲ್ಲ. ಹುಟ್ಟಿದಾಗ ತಡವಾಗಿ ಅತ್ತಳಲ್ಲ, ಆಗಲೇ ಮಿದುಳಿಗೆ ಪೆಟ್ಟಾಗಿದೆಯಂತೆ. ಎಲ್ಲ ಫೋಟೋದಲ್ಲೂ ನನ್ನ ತೋಳಿನಲ್ಲಿ ಇರುತ್ತಾಳೆ ಎಂದು ಬರೆದಿದ್ದಿ. ಅವಳ ಕತ್ತಿನ ಹಿಂದೆ ನನ್ನ ಅಂಗೈ ಇದೆ, ತೆಗೆದು ನೋಡು ಫೋಟೋನ. ಕೈ ತೆಗೆದರೆ ತಲೆ ಬಿದ್ದುಹೋಗುತ್ತದೆ.

ನುಂಗುವುದೂ ಅವಳಿಗೆ ಸರಿಯಾಗಿ ಬರುವುದಿಲ್ಲ. ಡಾಕ್ಟರು ಕಳೆದ ವರ್ಷವೇ ಹೇಳಿದ್ದರು: ಮಲಗಿಸಿ ಉಣಿಸಬೇಡಿ, ಅನ್ನ ಹೊಟ್ಟೆಗೆ ಇಳಿಯದೆ ಶ್ವಾಸಕೋಶಕ್ಕೆ ಹೋಗುತ್ತದೆ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ಹಿಡಿದು ಉಣಿಸಿ. ನಾನು ಹಾಗೇ ಉಣಿಸುತ್ತೇನೆ, ಎದೆಗೆ ಒರಗಿಸಿಕೊಂಡು. ಈಗ ಹೊಟ್ಟೆ ಅಡ್ಡ ಬರುತ್ತದೆ. ನಾನು ಮಗ್ಗದ ಕಡೆ ಹೋದೆನೋ, ಅತ್ತೆ ಕಾಲು ಚಾಚಿ ಕೂತು, ಕೂಸನ್ನು ಅಂಗಾತ ಹಾಕಿಕೊಂಡು ಹಾಲು-ಅನ್ನ ಇಳಿಸಿಬಿಡುತ್ತಾರೆ. ಬೇಡ ಎಂದರೆ, "ಆರು ಮಕ್ಕಳನ ಹಿಂಗ ಬೆಳಸೇನಿ, ಯಾರು ಸತ್ತಾರ? ನಿನ್ನ ಗಂಡ ವೀರೇಶ ಸತ್ತಾನೇನು?" ಎನ್ನುತ್ತಾರೆ. ನಿಮ್ಮ ಮಾಮಾನಿಗೆ ಹೇಳಿದರೆ, "ಅವ್ವಗ ನಾ ಹ್ಯಾಂಗ ಹೇಳ್ಲಿ?" ಎಂದು ಎದ್ದು ಹೋಗುತ್ತಾರೆ. ಅತ್ತೆಯನ್ನು ಕೆಟ್ಟವರೆನ್ನಲು ಬಾಯಿ ಬರುವುದಿಲ್ಲವೋ. ಆ ಮನೆಯಲ್ಲಿ ನನ್ನ ಬಿಟ್ಟರೆ ಕೂಸನ್ನು ಮುದ್ದಾಡುವ ಜೀವ ಅವರೊಂದೇ. ಪ್ರೀತಿಯಿಂದಲೇ ಉಣಿಸುತ್ತಾರೆ, ಒಂದು ತುತ್ತು ಹೆಚ್ಚಿಗೆ ಉಣಿಸುತ್ತಾರೆ.

ನೆತ್ತಿಗೆ ಹತ್ತುತ್ತದೆ ಎಂದು ಬರೆದಿದ್ದೆನಲ್ಲ, ಅದು ಇದೇ. ಕೂಸಿನ ಮುಖ ನೀಲಿಯಾಗುವಾಗ ಅತ್ತೆ, "ಮಾಮಾ ನೆನಸಾಕತ್ತಾನ" ಎಂದು ನಗುತ್ತಾರೆ.

ನಿನ್ನ ಗಾಡಿ ಬಂದ ಮೇಲೆ ದಿನಾ ಅದರಲ್ಲೇ ಮಲಗಿಸಿ ಉಣಿಸಿದರು. ಸೋದರಮಾವ ಕಳಿಸಿದ್ದು, ನಾನು ಹೇಗೆ ಕಸಿದುಕೊಳ್ಳಲಿ? ಜ್ವರ ಬಂತು, ಉಬ್ಬಸ ಬಂತು, ಇಲ್ಲಿಗೆ ತಂದೆವು. ನಿನ್ನ ತಪ್ಪಲ್ಲ. ಮೊದಲ ಕಾಗದದಲ್ಲೇ ಬೆನ್ನಿನ ಮಾತು ಬರೆದಿದ್ದೆ. ಬರೆದು, ಆ ಹಾಳೆಯನ್ನು ಹರಿದು ಬೇರೆ ಬರೆದೆ.

ಯಾಕೆ ಮುಚ್ಚಿಟ್ಟೆ ಅಂದರೆ, ಅವ್ವ ಕೈ ಹಿಡಿದುಕೊಂಡು ಅತ್ತಳು. "ತಮ್ಮಗ ಹೇಳಬ್ಯಾಡವಾ. ಅವಂಗ ಬಾಯಾಗ ಮಾತ ನಿಲ್ಲೂದಿಲ್ಲ, ಬೀಳಗಿಯವರ ಮುಂದ ಅಂದಬಿಡ್ತಾನ. ಮನಿತನದಾಗ ಇಂಥಾ ಕೂಸೈತಿ ಅಂದ್ರ ಯಾರ ಹೆಣ್ಣ ಕೊಡ್ತಾರ?" ಎಂದಳು. ಹೆರಿಗೆಗೆ ಮುಧೋಳಕ್ಕೆ ಬಾ, ಕೂಸನ್ನು ಬನಹಟ್ಟಿಯಲ್ಲೇ ಬಿಟ್ಟು ಬಾ ಎಂದೂ ಹೇಳಿದ್ದಾಳೆ. ಬಿಟ್ಟು ಬಂದರೆ ಯಾರು ಉಣಿಸುತ್ತಾರೆ? ಹೇಗೆ ಉಣಿಸುತ್ತಾರೆ?

ಅದಕ್ಕೇ ಗಾಡಿ ಕೇಳಿದ್ದು. ತಿರುಗಾಡಲು ಅಲ್ಲ ತಮ್ಮಾ, ಉಣ್ಣಲು. ಅವಳನ್ನು ಹಿಡಿದು ಕೂರಿಸುವ ಒಂದು ಆಸನ ಇದ್ದರೆ, ಉಣಿಸುವವರು ಯಾರಾದರೂ ಆಗಲಿ, ನೆಟ್ಟಗೇ ಉಣಿಸಬೇಕಾಗುತ್ತದೆ. ನಾನು ಹಡೆಯಲು ಹೋಗುವ ಮೊದಲು ಅದು ಬೇಕು. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ರಾಜೇಶ್ವರಿ


ಸಿಕಂದರಾಬಾದ್
೯ ಆಗಸ್ಟ್ ೨೦೨೪

ಅಕ್ಕಾ,

ಮೊದಲು ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಏನೇನೋ ಬರೆದು ಹರಿದು ಹಾಕಿದೆ. ಆಮೇಲೆ ನನ್ನ ಹಿಂದಿನ ಕಾಗದ ನೆನಪಾಯಿತು. ವಿಮಾನ ಓಡಿಸಲು ಕಲಿಸುತ್ತೀಯಾ ಎಂದಿದ್ದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಆ ಮೆತ್ತನೆ ಹಾಸಿಗೆಯನ್ನು ಆರಿಸಿ, ಅಂಗಡಿಯಲ್ಲಿ ಹಲ್ಲು ಕಿರಿದು ನಿಂತಿದ್ದೆನಲ್ಲ, ಆ ಮುಖವನ್ನು ಈಗ ಕನ್ನಡಿಯಲ್ಲಿ ನೋಡಲು ಆಗುತ್ತಿಲ್ಲ.

ನಿನಗೆ ಫೋನ್ ಮಾಡಿದಾಗ ಮಾಮಾ ಎತ್ತಿದರು. ಮನೆಗೆ ಕರೆದುಕೊಂಡು ಬಂದಿದ್ದೇವೆ ಎಂದರು, ಅಷ್ಟೇ ಸಾಕಾಯಿತು. ಮುಧೋಳಕ್ಕೂ ಮಾಡಿದೆ. ಅವ್ವನ ಜೊತೆ ಆಡಬಾರದ್ದು ಆಡಿದೆ. ಅಪ್ಪ ಫೋನ್ ಕಸಿದುಕೊಂಡು, "ನಿನ್ನ ಸಲುವಾಗಿನ ಮಾಡೇವಲೇ" ಎಂದರು. ನನ್ನ ಸಲುವಾಗಿ! ನಾನೇನು ಕೇಳಿದ್ದೆನೇ?

ಇಲ್ಲಿ ಇಂಥ ಮಕ್ಕಳ ಸಾಲೆಯೊಂದಿದೆ, ಅಳತೆಗೆ ಸರಿಯಾಗಿ ಆಸನ ಮಾಡಿಕೊಡುತ್ತಾರೆ. ಅಲ್ಲಿಯ ಮೇಡಂ ಮುಂದೆ ನಿನ್ನ ಕಾಗದವನ್ನೇ ತೆಲುಗಿನಲ್ಲಿ ಓದಿ ಹೇಳಿದೆ. ಅಂಗಡಿಯ ಗಾಡಿ ಯಾವುದೂ ಬೇಡ ಎಂದರು. ಸೊಂಟ ಹಿಂದಕ್ಕೆ ಒತ್ತಿ ಕೂರಬೇಕು, ಪಾದದ ಕೆಳಗೆ ಹಲಗೆ ಸಿಗಬೇಕು, ತಲೆ ಹಿಂದಕ್ಕೆ ಚೆಲ್ಲಬಾರದು. ಅಳತೆ ಕಳಿಸು: ಬೆನ್ನು, ತೊಡೆ, ಮೊಣಕಾಲಿನಿಂದ ಹಿಮ್ಮಡಿ, ಸೊಂಟದ ಅಗಲ. ಇವತ್ತೇ ಕಳಿಸು.

ಗುರುಸಿದ್ದ


ಬನಹಟ್ಟಿ
೧೭ ಆಗಸ್ಟ್ ೨೦೨೪

ತಮ್ಮಾ,

ಅಳತೆ ಇದರೊಳಗೆ ಇದೆ, ಬಿಚ್ಚುವಾಗ ಜೋಪಾನ. ಟೇಪು ಹಿಡಿದು ಕೂತಿದ್ದೆ, ಅತ್ತೆ ನೋಡಿ ಚೀರಿದರು. "ಜೀವ ಇದ್ದ ಕೂಸಿನ್ನ ಅಳೀತಾರೇನ? ಅಳತಿ ಹೆಣಕ್ಕ ತಗೋತಾರ!" ಎಂದು ಟೇಪನ್ನೇ ಒಲೆಗೆ ಹಾಕಿದರು. ಅದಕ್ಕೆ ಮಗ್ಗದ ಮನೆಯಿಂದ ನೂಲು ತಂದು, ಕೂಸಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಅಳೆದು ಹರಿದೆ. ಕೆಂಪು ನೂಲು ಬೆನ್ನು, ಹಸಿರು ತೊಡೆ, ಹಳದಿ ಮೊಣಕಾಲಿನಿಂದ ಹಿಮ್ಮಡಿ, ಬಿಳಿ ಸೊಂಟ. ಬೇರೆ ಬೇರೆ ಮಡಚಿ ಹೆಸರು ಬರೆದಿದ್ದೇನೆ.

ನಿನ್ನ ಆ ಗಾಡಿಯ ತುಂಬ ನೂಲಿನ ಕಟ್ಟು ಒಟ್ಟಿದ್ದೇನೆ, ಕೂಸನ್ನು ಮಲಗಿಸಲು ಜಾಗವಿಲ್ಲ. ಅತ್ತೆ ಮತ್ತೆ ಕಾಲ ಮೇಲೆ ಹಾಕಿಕೊಳ್ಳುತ್ತಾರೆ. ನಾನು ಹೊತ್ತು ಹೊತ್ತಿಗೆ ಓಡಿ ಬರುತ್ತೇನೆ. ಒಮ್ಮೊಮ್ಮೆ ನಾನು ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತದೆ. ಆಮೇಲೆ ಅವಳ ಎದೆಗೆ ಕಿವಿಯಿಟ್ಟು ಕೂರುತ್ತೇನೆ. ಮಗ್ಗದ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಸುಡುಗಾಡು ಮಗ್ಗ!

ಬೀಳಗಿಯ ಮಾತು ಕೆಡಿಸಬೇಡವೋ, ಕೈ ಮುಗಿಯುತ್ತೇನೆ. ಆ ಪಾಪವೂ ನನ್ನ ಕೂಸಿನ ತಲೆಗೆ ಬರುತ್ತದೆ.

ರಾಜೇಶ್ವರಿ


ಬನಹಟ್ಟಿ
೧೮ ಸೆಪ್ಟೆಂಬರ್ ೨೦೨೪

ಗುರುಸಿದ್ದ,

ತಿಂಗಳಾಯಿತು, ನಿನ್ನ ಕಾಗದವಿಲ್ಲ. ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಇರಲಿ, ಆಮೇಲೆ ಬೈಯುವೆಯಂತೆ. ಬಿ.ಪಿ. ಏರಿದೆ. ಮುಧೋಳದ ದವಾಖಾನೆಗೆ ಸೇರಲೇಬೇಕು, ಹೆರಿಗೆಯ ತನಕ ಮಂಚ ಇಳಿಯಬಾರದು ಎಂದಿದ್ದಾರೆ. ನಾಳೆಯೇ ಕರೆದುಕೊಂಡು ಹೋಗುತ್ತಾರೆ.

ಸೌಂದರ್ಯಾ ಇಲ್ಲೇ ಇರುತ್ತಾಳೆ. ಅವಳಿಗೆ ಮತ್ತೆ ಕೆಮ್ಮು ಶುರುವಾಗಿದೆ.

ಗಾಡಿ ಆಗದಿದ್ದರೆ ಬಿಡು. ಗಾಡಿ ಬೇಡ. ನೀನೇ ಬಾ. ಬಂದು ಅವಳ ಬೆನ್ನ ಹಿಂದೆ ಕೂರು, ನಿನ್ನ ಎದೆಗೆ ಒರಗಿಸಿಕೊಂಡು ಉಣಿಸು. ಗಂಡಸರು ಕೂಸಿಗೆ ಉಣಿಸುತ್ತಾರೇನು ಎಂದು ನಗುತ್ತಾರೆ, ನಗಲಿ. ನನಗೆ ಅಂಜಿಕೆಯಾಗಿದೆಯೋ. ನಾನು ಅಲ್ಲಿ ಒಂದು ಕೂಸನ್ನು ಹಡೆಯುವಷ್ಟರಲ್ಲಿ ಇಲ್ಲಿ ಇನ್ನೊಂದು ಕೂಸು ಹೋಗಿಬಿಟ್ಟರೆ ನಾನು ಯಾವ ಮುಖದಿಂದ ಅದಕ್ಕೆ ಹಾಲು ಕೊಡಲಿ?

ಅಕ್ಕ


ಬನಹಟ್ಟಿ
೨೬ ಸೆಪ್ಟೆಂಬರ್ ೨೦೨೪

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಸೌಂದರ್ಯಾ ಇದ್ದಾಳೆ, ಉಂಡಿದ್ದಾಳೆ. ಈಗ ಪೂರ್ತಿ ಓದು. ನಿನ್ನ ವಾರ್ಡಿನಲ್ಲಿ ಫೋನ್ ಬಿಡುವುದಿಲ್ಲವಂತೆ, ಅದಕ್ಕೇ ಊಟದ ಡಬ್ಬಿಯ ಜೊತೆ ಮಾಮಾನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಇಲ್ಲಿಯ ಸದ್ದಿನಲ್ಲಿ ನಾಲ್ಕು ದಿನ ಇದ್ದೇ ನನಗೆ ಕಿವಿ ಮಂಕಾಗಿವೆ. ನೀನು ಯಾಕೆ ಬರೆಯುತ್ತಿದ್ದೆ ಎಂದು ಈಗ ತಿಳಿಯಿತು.

ತಿಂಗಳು ಬರೆಯಲಿಲ್ಲ, ಯಾಕೆಂದರೆ ಬರೆಯಲು ಮುಖವಿರಲಿಲ್ಲ. ಆಸನ ಮಾಡುವವರು ನಿನ್ನ ನೂಲನ್ನು ಬಿಗಿಯಾಗಿ ಎಳೆದು ಅಳೆದಿದ್ದರು. ಎಳೆದರೆ ನೂಲು ಉದ್ದ ಬರುತ್ತದಲ್ಲ! ನೇಕಾರರ ಮನೆಯವಳು ನೀನು, ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಸನ ಉದ್ದವಾಗಿ ಬಂತು. ಅದರಲ್ಲಿ ಕೂರಿಸಿದ್ದರೆ ಕೂಸು ಮತ್ತೆ ಜಾರಿ ಮಲಗುತ್ತಿತ್ತು. ಮೇಡಂ ಕಣ್ಣಿಗೆ ಬಿತ್ತು, ಬಿಚ್ಚಿಸಿ ಮತ್ತೆ ಮಾಡಿಸಿದೆವು. ನಿನಗೆ ಹೇಳಿ ಅಂಜಿಸುವುದು ಬೇಡ ಎಂದುಕೊಂಡೆ. ಸುಮ್ಮನಿದ್ದು ಇನ್ನೂ ಅಂಜಿಸಿದೆ. ನೀನು ಮುಚ್ಚಿಟ್ಟಿ ಎಂದು ಬೈದವನು ನಾನು!

ಬೀಳಗಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಗಿರಿಮಲ್ಲಪ್ಪನವರು, "ವಿಚಾರ ಮಾಡಿ ತಿಳಸ್ತೇವ್ರಿ" ಎಂದರು. ಇನ್ನೂ ತಿಳಿಸಿಲ್ಲ, ಶ್ರಾವಣದ ನಿಶ್ಚಯ ಮುಂದೆ ಹೋಗಿದೆ. ತಿಳಿಸದಿದ್ದರೆ ನನಗೆ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಅದನ್ನು ಮೈಮೇಲೆ ಹಾಕಿಕೊಳ್ಳಬೇಡ.

ಇನ್ನು ನಿನ್ನ ಅತ್ತೆಯವರ ಮಾತು. ಆ ಆಸನ ಕೂರಿಸಿದ ಹೊಸ ಗಾಡಿ ಇಳಿಸಿದ್ದೇ ತಡ, ಮುಖ ತಿರುಗಿಸಿಕೊಂಡರು. "ಇದು ಕುಂಟರ ಕುರ್ಚಿ. ನನ್ನ ಮೊಮ್ಮಗಳು ಕುಂಟಿ ಅಂತ ಡಂಗುರಾ ಹೊಡ್ಯಾಕ ಬಂದೀಯೇನು?" ಎಂದರು. ಸೋದರಮಾವ ತಂದದ್ದು ಎಂದು ಕುಂಕುಮ ಮಾತ್ರ ಹಚ್ಚಿದರು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬಟ್ಟಲು ಹಿಡಿದರು. ನನ್ನ ಸಿಟ್ಟು ನಿನಗೆ ಗೊತ್ತು. ಬಟ್ಟಲು ಕಸಿದುಕೊಂಡು, "ಅವ್ವಾರ, ನೀವು ಅಂಗಾತ ಮಲಗ್ರಿ. ಕತ್ತು ಹಿಂದ ಚೆಲ್ರಿ. ನಾ ಬಾಯಾಗ ನೀರ ಹಾಕ್ತೇನಿ, ನುಂಗ್ರಿ ನೋಡೂಣು" ಎಂದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಅವರು ಸವಾಲಿಗೆ ಬಿದ್ದು ಮಲಗಿಯೇಬಿಟ್ಟರು. ಒಂದು ಚಮಚ ಹಾಕಿದೆ. ಬಿಕ್ಕಿ, ಎದ್ದು ಕೂತು, ಕಣ್ಣು ಮೂಗಲ್ಲೆಲ್ಲ ನೀರು ಬಂದು, ಎದೆ ಒತ್ತಿಕೊಂಡು ಕೆಮ್ಮಿದರು, ನಿಲ್ಲಲೇ ಇಲ್ಲ. ನಾನೇ ಹೆದರಿಬಿಟ್ಟೆ. ಮಾಮಾ ಮಗ್ಗ ಬಂದ್ ಮಾಡಿ ಓಡಿಬಂದರು.

ಕೆಮ್ಮು ನಿಂತ ಮೇಲೆ ಅವರು ಯಾರನ್ನೂ ನೋಡಲಿಲ್ಲ, ಕೂಸನ್ನು ನೋಡಿದರು. "ನಾ ಎದ್ದ ಕುಂತೆ. ಇದಕ್ಕ ಏಳಾಕ ಬರತಿರಲಿಲ್ಲಲ್ಲೋ ತಮ್ಮಾ" ಎಂದರು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಅಂಥ ಅಳು ನಾನು ಕೇಳಿಲ್ಲ ಅಕ್ಕಾ.

ಸೌಂದರ್ಯಾಳನ್ನು ಹೊಸ ಆಸನದಲ್ಲಿ ಕೂರಿಸಿದೆ. ಪಟ್ಟಿ ಕಟ್ಟಿದೆ, ಪಾದ ಹಲಗೆಗೆ ಮುಟ್ಟಿದವು. ನಾನು ತುತ್ತು ಹಿಡಿದರೆ ಬಾಯಿ ಬಿಗಿ ಹಿಡಿದಳು. ಮಾಮಾ ಹಿಡಿದರೂ ಇಲ್ಲ. ಹಸಿದು ಅತ್ತಳು. ಅತ್ತೆಗೆ ಕೈ ಮುಗಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಈ ಕೈ ಬ್ಯಾಡೋ, ಈ ಕೈ ಬ್ಯಾಡ" ಎಂದು ಗೋಡೆಗೆ ಒರಗಿ ಕೂತುಬಿಟ್ಟರು. ಮಧ್ಯಾಹ್ನವಾಯಿತು, ಕೂಸಿನ ಅಳು ಸಣ್ಣದಾಯಿತು. ಗಾಡಿ ಕೊಟ್ಟು ಕೂಸನ್ನು ಉಪವಾಸ ಕೆಡವಿದೆನೇ ಎಂದು ಅಂಜಿದೆ.

ಕಡೆಗೆ ಗಾಡಿಯನ್ನೇ ತಳ್ಳಿಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದೆ. ಇಷ್ಟು ದಿನ ಕಾಲ ಮೇಲೆ ಮಲಗಿ ಮಾಡಿನ ತೊಲೆ ನೋಡುತ್ತಾ ಉಣ್ಣುತ್ತಿದ್ದ ಹುಡುಗಿ, ಅಜ್ಜಿಯ ಮುಖವನ್ನು ಎದುರಿಗೇ ನೋಡಿದಳು. ಅಳು ನಿಲ್ಲಿಸಿದಳು. ಬಾಯಿ ತೆರೆದಳು.

ಅತ್ತೆ ಉಣಿಸಿದರು. ಮೂರು ದಿನದಿಂದ ಅವರೇ ಉಣಿಸುತ್ತಿದ್ದಾರೆ, ಗಾಡಿಯಲ್ಲೇ. ಅರ್ಧ ಅನ್ನ ಕೂಸಿನ ಮಡಿಲಿಗೇ ಬೀಳುತ್ತದೆ. ಒಂದು ತುತ್ತು ಹಾಕಿ, ಬಟ್ಟಲು ಕೆಳಗಿಟ್ಟು, ಕೂಸಿನ ಗಂಟಲನ್ನೇ ನೋಡುತ್ತಾ, "ಇಳೀತೇನವಾ? ಇಳೀತೇನ ನನ್ನವ್ವಾ?" ಎಂದು ಕೇಳುತ್ತಾರೆ. ಪ್ರತಿ ತುತ್ತಿಗೂ ಕೇಳುತ್ತಾರೆ. ಕೂಸು ಏನೂ ಹೇಳುವುದಿಲ್ಲ. ಕೆಮ್ಮುವುದೂ ಇಲ್ಲ.

ಗುರುಸಿದ್ದ